ಸ್ವಂತ ಕೋರಿಕೆಯ ಮೇರೆಗೆ

ಕ್ರೇಗಿಬರ್ನ್, ಮೆಲ್ಬರ್ನ್
2 ಫೆಬ್ರುವರಿ 2025

ಬೀಗರಾದ ವಿರುಪಾಕ್ಷಪ್ಪನವರಿಗೆ ಶಿವಪುತ್ರಪ್ಪ ಹೊಸಮನಿಯ ಶರಣು.

ನಾವೆಲ್ಲ ಆರಾಮ ಇದ್ದೇವೆ ಎಂದು ಬರೆದು ಮುಂದೆ ಹೋಗುವುದು ರೂಢಿ. ನಾನು ಆರಾಮ ಇಲ್ಲ. ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ.

ಫೋನಿದೆ, ವಾಟ್ಸಾಪಿದೆ, ಈ ಮನುಷ್ಯ ಅಂಚೆಗೆ ಯಾಕೆ ಬಂದ ಎಂದು ನೀವು ಕೇಳಬಹುದು. ಫೋನಿನಲ್ಲಿ ಮಾತಾಡಿದರೆ ಈ ಮನೆಯಲ್ಲಿ ಎಲ್ಲರಿಗೂ ಕೇಳುತ್ತದೆ. ಇಲ್ಲಿಯ ಗೋಡೆಗಳೆಲ್ಲ ರಟ್ಟಿನ ಜಾತಿಯವು, ಬೆರಳಿಂದ ಬಡಿದರೆ ಡಬ್ಬಿಯ ಸದ್ದು ಬರುತ್ತದೆ. ವಾಟ್ಸಾಪಿನಲ್ಲಿ ಬರೆದರೆ ಕೈ ಜಾರಿ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. ಕಳೆದ ದೀಪಾವಳಿಗೆ ಹೀಗೇ ಆಗಿ, ನಿಮ್ಮ ಮಗ ಶಶಿಧರನ ಹೆಂಡತಿ ಮಾಡಿದ ಕರ್ಚಿಕಾಯಿಯ ಬಗ್ಗೆ ನಾನು ಮಗಳು ಪಲ್ಲವಿಗೆ ಗುಟ್ಟಾಗಿ ಬರೆದದ್ದನ್ನು ನೀವೆಲ್ಲ ಓದಿದಿರಿ. ಇರಲಿ, ಆ ವಿಷಯ ಬೇಡ.

ನಿಮ್ಮ ಮಗಳು, ನನ್ನ ಸೊಸೆ, ಸಂಧ್ಯಾರಾಣಿ, ಬಿ.ಇ. ಸಿವಿಲ್, ಫಸ್ಟ್ ಕ್ಲಾಸ್, ಇಲ್ಲಿಯ ಸರಕಾರಿ ಕಾಲೇಜಿಗೆ ಹೆಸರು ಹಚ್ಚಿದ್ದಾಳೆ. ಎಂ.ಟೆಕ್. ಇರಬೇಕು ಎಂದುಕೊಂಡು ನಾನು ಸಂತೋಷಪಟ್ಟೆ. ಎಂ.ಟೆಕ್. ಅಲ್ಲ. ಪ್ಲಂಬಿಂಗ್. ನಳ, ಪೈಪು, ಗಟಾರ, ಪಾಯಖಾನೆ. ಹುಬ್ಬಳ್ಳಿಯಲ್ಲಿದ್ದಾಗ ಇಡೀ ಓಣಿಗೆ ನೀರು ಹರಿಯುವ ನಕ್ಷೆ ಬರೆದವಳು ಇಲ್ಲಿ ಬಂದು ನಟ್ಟು ಬಿಗಿಯುವ ಪಾನಾ ಹಿಡಿಯುತ್ತಾಳಂತೆ.

"ಏನವಾ, ಎಂಜಿನಿಯರ್ ಆದಾಕಿ ಮಂದಿ ಮನಿ ನಳಾ ರಿಪೇರಿ ಮಾಡಾಕ ಹೋಗ್ತಿಯೇನು?" ಎಂದು ಕೇಳಿದೆ. ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಹೌದ್ರಿ ಮಾವಾರ. ಮೂರ್ ವರ್ಷ ಎಂಜಿನಿಯರ್ ಅಂತ ಅರ್ಜಿ ಹಾಕೇನಿ. ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲಂತ. ಇನ್ನ ಎಷ್ಟ ವರ್ಷ ರೊಟ್ಟಿ ಬಡಿಯೂ ಎಕ್ಸ್‌ಪೀರಿಯನ್ಸ್ ತೊಗೊಳಲಿ?"

ನನ್ನ ಮಗ ಸಂಜು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಪ್ಪಾ, ಇಟ್ಸ್ ಎ ಗುಡ್ ಟ್ರೇಡ್. ಇಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗುತ್ತೆ, ಪ್ಲಂಬರ್ ಸಿಗಲ್ಲ" ಎಂದ. ಬೆಂಗಳೂರಿನಲ್ಲಿ ಎಂಟು ವರ್ಷ ಇದ್ದು ಮಾತೂ ಹೋಯಿತು, ಮರ್ಯಾದೆಯೂ ಹೋಯಿತು. ನಾಳೆ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಯಾರಾದರೂ 'ಸೊಸೆ ಏನ್ ಮಾಡ್ತಾರೆ ಅಂಕಲ್' ಎಂದರೆ ನಾನು ಏನು ಹೇಳಲಿ?

ನಮ್ಮ ಮನೆಯಾಕೆ ಚಿನ್ನಮ್ಮ ಇದ್ದಿದ್ದರೆ ಸೊಸೆಗೆ ಸಮಾಧಾನದಿಂದ ತಿಳಿಸುತ್ತಿದ್ದಳು. ಆಕೆ ಹೋಗಿ ನಾಲ್ಕು ವರ್ಷ. ನನಗೆ ಸಮಾಧಾನದ ಭಾಷೆ ಬರುವುದಿಲ್ಲ. ಧಾರವಾಡದ ಕಾಲೇಜಿನ ಆಫೀಸಿನಲ್ಲಿ ಮೂವತ್ನಾಲ್ಕು ವರ್ಷ ಕಳೆದು ಸುಪರಿಂಟೆಂಡೆಂಟ್ ಆಗಿ ಹೊರಬಿದ್ದವನು, ನನಗೆ ನೋಟೀಸಿನ ಭಾಷೆ ಮಾತ್ರ ಬರುತ್ತದೆ. ಎಜುಕೇಶನ್ ಈಸ್ ದಿ ಆರ್ನಮೆಂಟ್ ಆಫ್... ಮುಂದಿನ ಶಬ್ದ ನೆನಪಾಗುತ್ತಿಲ್ಲ, ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ನೀವು ತಂದೆ. ನಿಮ್ಮ ಮಾತು ಅವಳು ಮೀರುವುದಿಲ್ಲ. ಕೈಂಡ್ಲಿ ಡೂ ದಿ ನೀಡ್‌ಫುಲ್.

ನಿಮ್ಮ ಉತ್ತರದ ದಾರಿ ನೋಡುತ್ತಿರುವ,
ಶಿವಪುತ್ರಪ್ಪ


ಲಿವರ್‌ಪೂಲ್, ಸಿಡ್ನಿ
17 ಫೆಬ್ರುವರಿ 2025

ಬೀಗರಿಗೆ ವಿರುಪಾಕ್ಷಪ್ಪನ ಶರಣು.

ನಿಮ್ಮ ಪತ್ರ ಮೆಲ್ಬರ್ನಿನಿಂದ ಸಿಡ್ನಿಗೆ ಬರಲು ಒಂಬತ್ತು ದಿನ ತೆಗೆದುಕೊಂಡಿತು. ನೀವೇ ಹಿಡಿದುಕೊಂಡು ಬಂದಿದ್ದರೆ ಊಟ ಮಾಡಿಕೊಂಡು ಹೋಗಬಹುದಿತ್ತು.

ಸುದ್ದಿ ನನಗೂ ಹಿಡಿಸಲಿಲ್ಲ. ಹೆಡ್‌ಮಾಸ್ತರನಾಗಿ ಮಕ್ಕಳ ಮುಂದೆ ಯಾವ ಕೆಲಸವೂ ಕೀಳಲ್ಲ ಎಂದು ಪ್ರತಿ ಆಗಸ್ಟ್ ಹದಿನೈದಕ್ಕೆ ಭಾಷಣ ಮಾಡಿದವನೇ ನಾನು. ಆ ಮಕ್ಕಳಲ್ಲಿ ನನ್ನ ಮಗಳೂ ಕೂತಿದ್ದಳು, ಅದೇ ತಪ್ಪಾಯಿತು.

ಆದರೆ ಒಂದು ಮಾತು. ಮದುವೆಯ ದಿನ ಮೈಕು ಹಿಡಿದು, "ಇವತ್ತಿನಿಂದ ಈ ಹುಡುಗಿ ನಮ್ಮ ಮನಿ ಮಗಳು, ಬೀಗರು ನಿಶ್ಚಿಂತಿಯಿಂದ ಇರಬೇಕು" ಎಂದವರು ನೀವು. ಅಂದಿನಿಂದ ನಾನು ನಿಶ್ಚಿಂತನಾಗಿದ್ದೇನೆ. ಈಗ ನಿಮಗೆ ಬೇಡವಾದದ್ದು ಮಾಡಿದ ಕೂಡಲೇ ಅವಳು ಮತ್ತೆ ನನ್ನ ಮಗಳಾದಳೇ? ಒಳ್ಳೆಯ ರೊಟ್ಟಿ ಬಡಿದಾಗ ನಿಮ್ಮ ಸೊಸೆ, ಪಾನಾ ಹಿಡಿದಾಗ ನನ್ನ ಮಗಳು. ನಾನು ಫೋನು ಮಾಡಿ ಅಡ್ಡ ಬರುವುದಿಲ್ಲ.

ನೀವು ಕಾಲೇಜಿನಲ್ಲೇ ಕೂದಲು ನರೆಸಿಕೊಂಡವರು. ನಿಮಗೆ ಸರಿ ಕಂಡಂತೆ ಮಾಡಿ, ನನ್ನ ಒಪ್ಪಿಗೆ ಇದ್ದೇ ಇದೆ. ಕರ್ಚಿಕಾಯಿ ವಿಷಯ ಈ ಮನೆಯಲ್ಲಿ ಇನ್ನೂ ಮುಗಿದಿಲ್ಲ, ಗೊತ್ತಿರಲಿ.

ಇತಿ ನಿಮ್ಮ,
ವಿರುಪಾಕ್ಷಪ್ಪ


ಕ್ರೇಗಿಬರ್ನ್
10 ಮಾರ್ಚ್ 2025

ಬೀಗರಿಗೆ ಶರಣು.

ಮೈಕಿನ ಮಾತು ಬಿಡಿ, ಆ ದಿನ ನಾನು ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದೆ. ನಿಮ್ಮ ಪತ್ರದ ಕೊನೆಯ ಸಾಲು ಮಾತ್ರ ಬಹಳ ಹಿಡಿಸಿತು. ಒಪ್ಪಿಗೆ ಇದ್ದೇ ಇದೆ ಎಂದಿರಿ. ಅದರ ಆಧಾರದ ಮೇಲೆ ಕಳೆದ ಮಂಗಳವಾರ ನಾನೇ ಕಾಲೇಜಿಗೆ ಹೋಗಿ ಬಂದೆ. ಸಂಧ್ಯಾಳ ತರಗತಿ ಬುಧವಾರದಿಂದ ಶುಕ್ರವಾರ, ಆದ್ದರಿಂದ ಮಂಗಳವಾರ ಆರಿಸಿದೆ. ಪಲ್ಲವಿಯ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡು, ಕೈಯಲ್ಲಿ ಫೈಲು ಹಿಡಿದು, ಬಸ್ಸಿನಲ್ಲಿ ಅರ್ಧ ಗಂಟೆ.

ಬೀಗರೇ, ಅದು ಎಂಥ ಕಾಲೇಜು ಎಂದು ಹೇಗೆ ವಿವರಿಸಲಿ. ಗೇಟು ಇಲ್ಲ. ಗೇಟೇ ಇಲ್ಲದ ಮೇಲೆ ವಾಚ್‌ಮನ್ ಎಲ್ಲಿಯವನು? ಯಾರು ಬೇಕಾದರೂ ಒಳಗೆ ಹೋಗಬಹುದು, ನಾನು ಹೋದೆನಲ್ಲ. ಗಂಟೆ ಇಲ್ಲ. ನಮ್ಮಲ್ಲಿ ನಾನು ಗಡಿಯಾರ ನೋಡಿ ಕಣ್ಸನ್ನೆ ಮಾಡಿದರೆ ಪ್ಯೂನ್ ಕರಿಯಪ್ಪ ಗಂಟೆ ಹೊಡೆಯುತ್ತಿದ್ದ, ಇಡೀ ಕಾಲೇಜು ಎದ್ದು ನಿಲ್ಲುತ್ತಿತ್ತು. ಇಲ್ಲಿ ಯಾವಾಗ ಒಳಗೆ ಯಾವಾಗ ಹೊರಗೆ ಎಂದೇ ತಿಳಿಯದು, ಎಲ್ಲರೂ ಕಾಫಿ ಹಿಡಿದು ಓಡಾಡುತ್ತಾರೆ. ಹಿಂದಿನ ಪ್ರಿನ್ಸಿಪಾಲರ ಹೆಸರು ಬರೆದ ಹಲಗೆ ಹುಡುಕಿದೆ, ಇಲ್ಲ. ಸೊಂಟಕ್ಕೆ ಕೀಲಿ ಗೊಂಚಲು ಸಿಕ್ಕಿಸಿಕೊಂಡು ಏಣಿ ಹೊತ್ತಿದ್ದ ಒಬ್ಬ ಆಳಿಗೆ, "ವ್ಹೇರ್ ಈಸ್ ದಿ ಪ್ರಿನ್ಸಿಪಾಲ್ಸ್ ಚೇಂಬರ್?" ಎಂದೆ. "ಯು ರೈಟ್, ಮೇಟ್?" ಎಂದ. ಅಷ್ಟರಲ್ಲಿ ಹಸಿರು ಕೂದಲಿನ ಒಬ್ಬ ಹುಡುಗಿ, "ಡೇವ್, ನಮ್ಮ ಟೆಸ್ಟ್ ಯಾವಾಗ?" ಎಂದು ಅವನನ್ನೇ ಕೇಳಿದಳು. ಏಣಿ ಹೊತ್ತವನು ಆಳಲ್ಲ, ಪ್ಲಂಬಿಂಗ್ ಮಾಸ್ತರ! ಮಾಸ್ತರನಿಗೆ ಡೇವ್!

ಒಂದು ಕಡೆ ಬೇಕರಿ ಕಲಿಸುತ್ತಾರೆ. ಅದರ ಪಕ್ಕಕ್ಕೆ ಕ್ಷೌರ. ಹತ್ತಿಪ್ಪತ್ತು ಬೊಂಬೆಯ ತಲೆಗಳನ್ನು ಸಾಲಾಗಿ ಇಟ್ಟಿದ್ದಾರೆ, ಒಂದಕ್ಕೂ ಮೈ ಇಲ್ಲ. ಅದರಾಚೆ ಮಂಚದ ಮೇಲೆ ರಬ್ಬರಿನ ರೋಗಿಗಳು, ಕುತ್ತಿಗೆತನಕ ಹೊದಿಕೆ ಹೊದ್ದಿದ್ದಾರೆ. ಒಬ್ಬ ಹೆಣ್ಣುಮಗಳು ರಬ್ಬರಿನ ರೋಗಿಯ ಕೈ ಹಿಡಿದು, "ಹೌ ಆರ್ ಯು ಫೀಲಿಂಗ್ ಟುಡೇ?" ಎಂದು ಕೇಳುತ್ತಿದ್ದಳು. ಈ ದೇಶಕ್ಕೆ ಬಂದಮೇಲೆ ನನ್ನನ್ನು ಹಾಗೆ ಯಾರೂ ಕೇಳಿಲ್ಲ. ಹಿಂದುಗಡೆ ಗೌಂಡಿ ಕೆಲಸ. ಎದೆಯೆತ್ತರ ಗೋಡೆ ಕಟ್ಟುತ್ತಾರೆ, ಮಾಸ್ತರ ಅಳತೆ ನೋಡುತ್ತಾನೆ, ಆಮೇಲೆ ಎಲ್ಲರೂ ಕೂಡಿ ಕೆಡವಿ ಇಟ್ಟಿಗೆ ಕೆರೆದು ಮತ್ತೆ ಜೋಡಿಸಿಡುತ್ತಾರೆ. ನಮ್ಮ ಪಿಡಬ್ಲ್ಯುಡಿಯವರು ಕೂಡ ಬೀಳಲಿಕ್ಕೆ ಒಂದು ಮಳೆಗಾಲ ಕೊಡುತ್ತಾರೆ. ಮೇಲಿನ ಮಾಳಿಗೆಯಲ್ಲಿ ಇಂಗ್ಲಿಷ್ ವರ್ಗ. ನನ್ನ ವಯಸ್ಸಿನ ಒಬ್ಬ ಗಡ್ಡದ ಅಜ್ಜ ನಾಲಿಗೆ ಹೊರಗೆ ಹಾಕಿಕೊಂಡು 'ಮೈ ಹೌಸ್ ಈಸ್ ಬಿಗ್' ಎಂದು ಬರೆಯುತ್ತಿದ್ದ. ಹದಿನಾರರವರು, ಅರವತ್ತರವರು, ಸೋಮಾಲಿಯಾದವರು, ನಮ್ಮ ಪಂಜಾಬಿಗಳು, ಇಲ್ಲಿಯವರೇ ಆದ ಬಿಳಿಯರು, ಎಲ್ಲ ಒಂದೇ ಓಣಿಯಲ್ಲಿ. ನಮ್ಮಲ್ಲಿ ಇಂತಿಷ್ಟು ಅಂಕ ಇಲ್ಲದಿದ್ದರೆ ಫಾರ್ಮ್ ಕೊಡುತ್ತಿರಲಿಲ್ಲ. ಇಲ್ಲಿ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಾರೆ. ಬಂದವರನ್ನೆಲ್ಲ ಸೇರಿಸಿಕೊಂಡರೆ ಅದು ಕಾಲೇಜು ಹೇಗಾದೀತು?

ಕಡೆಗೆ ಆಫೀಸು ಸಿಕ್ಕಿತು. ಟೋಕನ್ ತೆಗೆದುಕೊಳ್ಳಬೇಕಂತೆ. ಮೂವತ್ನಾಲ್ಕು ವರ್ಷ ಕಿಟಕಿಯ ಒಳಗೆ ಕೂತವನು ಕಿಟಕಿಯ ಹೊರಗೆ ನಲವತ್ತೇಳನೆಯ ನಂಬರ್ ಹಿಡಿದು ಕೂತೆ.

ಅರ್ಜಿ ಮನೆಯಲ್ಲೇ ಬರೆದಿದ್ದೆ. ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್, ದಿ ಅಂಡರ್‌ಸೈನ್ಡ್ ಬೆಗ್ಸ್ ಟು ಸ್ಟೇಟ್, ಮನೆಯ ಅಡಚಣೆಗಳ ನಿಮಿತ್ತ ನನ್ನ ಮಗಳ ಹೆಸರನ್ನು ಪಟ್ಟಿಯಿಂದ ತೆಗೆದು ಮೂಲ ಅಂಕಪಟ್ಟಿಗಳನ್ನು ಹಿಂದಿರುಗಿಸಬೇಕು ಎಂದು. ಮಾವನ ಅರ್ಜಿಗಿಂತ ತಂದೆಯ ಅರ್ಜಿಗೆ ತೂಕ ಹೆಚ್ಚು, ಅದು ನಿಮಗೂ ಗೊತ್ತು. ಒಪ್ಪಿಗೆ ಹೇಗೂ ಇತ್ತು, ನಿಮ್ಮ ಸಹಿ ನಾನೇ ಹಾಕಿದೆ. ನಮ್ಮಲ್ಲಿ ಊರಿಂದ ಬರಲಾಗದ ಪಾಲಕರ ಸಹಿಯನ್ನು ಕಾಕಾನೋ ಮಾಮಾನೋ ಹಾಕುತ್ತಿದ್ದ, ನಾನು ಒಮ್ಮೆಯೂ ತಕರಾರು ತೆಗೆದವನಲ್ಲ.

ಕೌಂಟರಿನಲ್ಲಿ ಟಾನ್ಯಾ ಎಂಬ ಹೆಂಗಸು. ಅರ್ಜಿಯನ್ನು ಎರಡು ಸಲ ಓದಿದಳು. "ಸಾರಿ, ವಿದ್ಯಾರ್ಥಿಗಳ ವಿಷಯ ಬೇರೆಯವರ ಜೊತೆ ಡಿಸ್ಕಸ್ ಮಾಡುವ ಹಾಗಿಲ್ಲ" ಎಂದಳು.

"ಮೇಡಂ, ಐ ಆಮ್ ನಾಟ್ ಡಿಸ್ಕಸಿಂಗ್. ಐ ಆಮ್ ಓನ್ಲಿ ಕ್ಯಾನ್ಸಲಿಂಗ್."

"ಅವರ ವಯಸ್ಸೆಷ್ಟು?"

"ತರ್ಟಿ ಫೋರ್."

ಕನ್ನಡಕದ ಮೇಲಿಂದ ನೋಡಿದಳು. "ನೀವು ಇಲ್ಲಿಗೆ ಬಂದಿರುವುದು ಅವರಿಗೆ ಗೊತ್ತಾ?"

ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಆಫೀಸಿನಲ್ಲಿ ಕೇಳುವ ಪ್ರಶ್ನೆಯೇ ಅದು? ಅರ್ಜಿ ಇಟ್ಟುಕೊಂಡಳು. ಸ್ವೀಕೃತಿ ಕೇಳಿದೆ, ಕೊಡಲಿಲ್ಲ, "ಹ್ಯಾವ್ ಎ ಗುಡ್ ಡೇ" ಕೊಟ್ಟಳು.

ಅಂತೂ ಕೆಲಸ ಆದ ಹಾಗೆಯೇ ಎಂದು ತಿಳಿಯಿರಿ.

ನಿಮ್ಮ,
ಶಿವಪುತ್ರಪ್ಪ


ಲಿವರ್‌ಪೂಲ್
26 ಮಾರ್ಚ್ 2025

ಬೀಗರೇ,

ಈ ಸಲ ಶರಣು ಇಲ್ಲ.

ನನ್ನ ಸಹಿ ಹಾಕಲು ನಿಮಗೆ ಯಾರು ಹೇಳಿದರು? 'ನಿಮಗೆ ಸರಿ ಕಂಡಂತೆ ಮಾಡಿ' ಎಂಬುದು ಪತ್ರ ಮುಗಿಸುವ ಮಾತು. ಅದು ವಕಾಲತ್ತುನಾಮೆ ಅಲ್ಲ. ಬೀಗರಿಗೆ ಬರೆಯುವಾಗ ಎಲ್ಲರೂ ಹಾಗೇ ಬರೆಯುತ್ತಾರೆ. ನೀವೂ ನನಗೆ ಹತ್ತು ಸಲ ಬರೆದಿದ್ದೀರಿ, ನಾನೇನು ನಿಮ್ಮ ಹೆಸರಿನಲ್ಲಿ ಮನೆ ಮಾರಿದೆನೇ?

ಕಳೆದ ಗುರುವಾರ ಸಂಧ್ಯಾ ಫೋನು ಮಾಡಿದಳು. ಕಾಲೇಜಿನವರು ಅವಳನ್ನು ಕರೆಸಿ, ನಿಮ್ಮ ತಂದೆಯ ಹೆಸರಿನಲ್ಲಿ ಹೀಗೊಂದು ಅರ್ಜಿ ಬಂದಿದೆ, ಮನೆಯಲ್ಲಿ ಎಲ್ಲ ಸುರಕ್ಷಿತವೇ ಎಂದು ಕೇಳಿದರಂತೆ. ಸುರಕ್ಷಿತವೇ ಎಂದು! ನಿಮ್ಮ ಪತ್ರ ಅದರ ಹಿಂದಿನ ದಿನವಷ್ಟೇ ಬಂದು ನನ್ನ ಕಿಸೆಯಲ್ಲಿತ್ತು.

"ಅಪ್ಪಾ, ಆ ಅರ್ಜಿ ನೀ ಬರದಿಯೇನು?" ಎಂದಳು.

"ಹೂಂ, ನಾನ ಬರದು ಪೋಸ್ಟಿಗೆ ಹಾಕಿದೆ" ಎಂದೆ.

"ಖರೇನ?"

"ಖರೇನ."

"ಆತು" ಎಂದು ಇಟ್ಟಳು.

ಇದನ್ನು ನಾನು ನಿಮಗಾಗಿ ಮಾಡಲಿಲ್ಲ. ಅವಳು ನಿಮ್ಮ ಮನೆಯಲ್ಲಿ ಇರಬೇಕು, ದಿನಕ್ಕೆ ಎರಡು ಸಲ ನಿಮ್ಮ ತಟ್ಟೆಗೆ ಬಡಿಸಬೇಕು. ನೀವು ಎಂದು ತಿಳಿದರೆ ಆ ಮನೆಯಲ್ಲಿ ಅವಳಿಗೆ ನೀರೂ ಇಳಿಯುವುದಿಲ್ಲ. ನನ್ನ ಮೇಲಿನ ಸಿಟ್ಟಿಗೆ ಒಂಬೈನೂರು ಕಿಲೋಮೀಟರ್ ದೂರವಿದೆ, ಅದು ತಾನೇ ಇಳಿಯುತ್ತದೆ. ನೀವು ಬಾಯಿ ತೆರೆಯಬೇಡಿ. ಇದು ನಮ್ಮ ಬೀಗತನದ ಮೇಲಿನ ಆಣೆ.

ಅವಳ ಹೆಸರು ಪಟ್ಟಿಯಿಂದ ಹೋಗಿಲ್ಲ. ಆ ಟಾನ್ಯಾ ಎಂಬವಳಿಗೆ ದೇವರು ಒಳ್ಳೆಯದು ಮಾಡಲಿ.

ವಿರುಪಾಕ್ಷಪ್ಪ


ಲಿವರ್‌ಪೂಲ್
19 ಮೇ 2025

ಅಣ್ಣಾರಿಗೆ ಸಂಧ್ಯಾನ ಅವ್ವ ಗೌರಕ್ಕನ ಶರಣು.

ನನಗ ಪತ್ರ ಬರಿಯೂ ರೂಢಿ ಇಲ್ಲರಿ, ಮಾತಾಡಿದಂಗ ಬರೀತೀನಿ, ತಪ್ಪ ಇದ್ರ ಹೊಟ್ಟ್ಯಾಗ ಹಾಕ್ಕೋರಿ.

ಹೋದ ಸೋಮವಾರ ಇವರ ಕಣ್ಣಿನ ಪೊರಿ ತಗದ್ರು. ಛಲೋ ಆಗೇತಿ. ಆದ್ರ ಮನಶ್ಯಾ ಛಲೋ ಇಲ್ಲ. ಸಂಧ್ಯಾ ಫೋನ ಮಾಡಿಲ್ಲ. ಎರಡ ತಿಂಗಳಾತು, ಅಪ್ಪನ ಕೂಡ ಒಂದ ಮಾತಿಲ್ಲ. ನನ್ನ ಕೂಡ ಮಾತಾಡ್ತಾಳ, ಅಪ್ಪ ಬಾಜೂ ಅದಾರ ಅಂದ್ರ ಇಟ್ಟಬಿಡ್ತಾಳ. ಸಣ್ಣಾಕಿ ಇದ್ದಾಗಿಂದ ಆಕಿ ಅಪ್ಪನ ಮಗಳರಿ, ನಾ ಬೈದ್ರ ಇವರ ಬೆನ್ನ ಹಿಂದ ಅಡಗತಿದ್ಲು. ಆಪರೇಶನ್ ಆದ ದಿನ ಇವರು ಫೋನ ಎದಿ ಮ್ಯಾಲ ಇಟ್ಕೊಂಡ ಮಲಗಿದ್ರು. ಗುಂಯ್ ಅಂದಾಗೊಮ್ಮೆ "ಯಾರದ, ಯಾರದ" ಅಂತ. ಶಶಿಧರನ ಬ್ಯಾಂಕಿಂದು, ಇಲ್ಲಾ ಯಾವುದೋ ಜಾಹೀರಾತು.

ಏನ ಆಗೇತಿ ಅಂದ್ರ "ಕಾಲೇಜ ವಿಷಯ, ನಿನಗ ತಿಳಿಯಂಗಿಲ್ಲ" ಅಂತಾರ. ನಿಮ್ಮ ಪತ್ರ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ಯಾರ. ಕೀಲಿ ಜನಿವಾರದಂಗ ಕೊರಳಾಗ ಹಾಕ್ಕೊಂಡಾರ, ನೋಡಿದ್ರ ನಗೀನೂ ಬರ್ತೈತಿ, ಸಿಟ್ಟೂ ಬರ್ತೈತಿ.

ನೀವು ದೊಡ್ಡವರು, ಆಕಿ ಎದುರಿಗೇ ಅದೀರಿ. ಒಂದ ಮಾತ ಹೇಳ್ರಿ ಆಕಿಗೆ. ನಿಮ್ಮ ಮಾತಿಗೆ ಬೆಲಿ ಕೊಡ್ತಾಳ.

ನಿಮ್ಮ ತಂಗಿ ಅಂತ ತಿಳಕೋರಿ,
ಗೌರಕ್ಕ


ಕ್ರೇಗಿಬರ್ನ್
2 ಜೂನ್ 2025

ತಂಗಿ ಗೌರಕ್ಕನವರಿಗೆ,

ನಿಮ್ಮ ಪತ್ರ ಬಂದು ಏಳು ದಿನವಾಯಿತು. ಏಳೂ ದಿನ ಅದನ್ನು ಕೋಟಿನ ಕಿಸೆಯಿಂದ ತೆಗೆದು ಓದಿ ಮತ್ತೆ ಇಟ್ಟಿದ್ದೇನೆ. ನಿಮ್ಮ ಯಜಮಾನರ ಮೇಲೆ ನನಗೆ ವಿಪರೀತ ಸಿಟ್ಟು ಬಂದಿದೆ. ನನ್ನ ತಪ್ಪನ್ನು ಹೊತ್ತುಕೊಳ್ಳಲು ಇವರಿಗೆ ನಾನು ಹೇಳಿದ್ದೆನೇ?

ಹೌದು, ತಪ್ಪು ನನ್ನದು. ಸಂಧ್ಯಾಳ ಹೆಸರು ಕಾಲೇಜಿನಿಂದ ತೆಗೆಯಿರಿ ಎಂದು ಅರ್ಜಿ ಬರೆದವನು ನಾನು, ಕೊಟ್ಟವನು ನಾನು, ಅದಕ್ಕೆ ಬೀಗರ ಸಹಿ ಹಾಕಿದವನೂ ನಾನು. ಅವರು ಮಗಳಿಗೆ ಸುಳ್ಳು ಹೇಳಿ ನನ್ನನ್ನು ಉಳಿಸಿದರು, ಮೇಲೆ ಬಾಯಿ ತೆರೆಯಬೇಡಿ ಎಂದು ಆಣೆ ಹಾಕಿದರು. ಮೂರು ತಿಂಗಳಾಯಿತು, ಉಳಿದವನ ಪಾಡು ನೋಡಿ.

ನೀವು ಹೇಳಿದಂತೆ ಅವಳಿಗೆ ಹೇಳಿದೆ. ಊಟಕ್ಕೆ ಕೂತಿದ್ದೆ, ಬದನೆಕಾಯಿ ಪಲ್ಯ ಬಡಿಸುತ್ತಿದ್ದಳು. "ಸಂಧ್ಯಾ, ಅಪ್ಪಗ ಒಂದ ಫೋನ ಹಚ್ಚವಾ, ಕಣ್ಣಿನ ಆಪರೇಶನ್ ಆಗೇತಿ" ಎಂದೆ.

ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ಹೌದೇನ್ರಿ ಮಾವಾರ. ಮತ್ತ ಏನರ ಹೇಳೋದೈತೇನು?"

"ಉಪ್ಪು ಕಡಿಮಿ" ಎಂದೆ.

ಉಪ್ಪು ತಂದಿಟ್ಟಳು. ನಾನು ಹಾಕಿಕೊಂಡೆ. ಪಲ್ಯ ಮೊದಲೇ ಸರಿಯಾಗಿತ್ತು, ಆಮೇಲೆ ಬಾಯಿಗೆ ಇಡಲಾಗಲಿಲ್ಲ, ಆದರೂ ಪೂರ್ತಿ ತಿಂದೆ.

ಇನ್ನೊಂದು ಸಲ ಆ ಕಾಲೇಜಿಗೂ ಹೋದೆ. ಕೊಟ್ಟ ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಮನಸ್ಸು ಹಗುರಾದೀತು ಎಂದು. ಟಾನ್ಯಾ, "ಅದೆಲ್ಲ ಸಾರ್ಟ್ ಆಗಿದೆ" ಎಂದಳು. "ಪೇಪರ್ ವಾಪಸು ಕೊಡಿ" ಎಂದರೆ ಕೊಡುವುದಿಲ್ಲವಂತೆ, ಅದು ಅವಳ ಫೈಲಿನಲ್ಲೇ ಇರಬೇಕಂತೆ. ಫೈಲಿನ ವಿಷಯದಲ್ಲಿ ಮಾತ್ರ ಈ ಜನ ನಮ್ಮಂತೆಯೇ. ಮರಳುವಾಗ ವರ್ಕ್‌ಶಾಪಿನ ಗಾಜಿನಿಂದ ಸಂಧ್ಯಾ ಕಂಡಳು. ಕಿತ್ತಳೆ ಬಣ್ಣದ ಜಾಕೆಟ್ಟು, ದಪ್ಪ ಬೂಟು. ಗೋಡೆಯ ಹಲಗೆಯ ಮೇಲೆ ಪೆನ್ಸಿಲಿನಿಂದ ಏನೋ ನಕ್ಷೆ ಬರೆದು, ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಆರೇಳು ಜನ ಸುತ್ತ ನಿಂತಿದ್ದರು. ಆ ಡೇವ್ ಮಾಸ್ತರ ಕೂಡ ಕೈಕಟ್ಟಿ ನಿಂತು ಕೇಳುತ್ತಿದ್ದ. ನಡುವೆ ಯಾರೋ ಏನೋ ಅಂದರು, ಬಾಯಿ ತುಂಬ ನಕ್ಕಳು. ನಮ್ಮ ಮನೆಯಲ್ಲಿ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಅದಕ್ಕೂ ಸಿಟ್ಟು ಬಂತು. ಯಾರ ಮೇಲೆ ಎಂದು ಬಸ್ಸಿನಲ್ಲಿ ಕೂತು ವಿಚಾರ ಮಾಡಿದೆ, ಇಳಿಯುವ ಸ್ಟಾಪು ದಾಟಿ ಹೋಯಿತು.

ಬೀಗರ ಆಣೆ ಮುರಿಯುತ್ತೇನೆ ಎಂದು ಅವರಿಗೆ ಓದಿ ಹೇಳಿ. ಆದರೆ ಸೌಟು ಹಿಡಿದು ನಿಂತವಳ ಎದುರು ನನಗೆ ಬಾಯಿ ಬರುವುದಿಲ್ಲ. ಪಲ್ಲವಿಯ ಮನೆಗೆ ಹೋಗಿ ಅಲ್ಲಿಂದ ಬರೆಯುತ್ತೇನೆ.

ಶಿವಪುತ್ರಪ್ಪ


ವೆಸ್ಟ್‌ಮೀಡ್, ಸಿಡ್ನಿ
20 ಜೂನ್ 2025

ಸಂಧ್ಯಾರಾಣಿಗೆ ನಿನ್ನ ಮಾವ ಬರೆಯುವುದು.

ಪಲ್ಲವಿಯನ್ನು ನೋಡಬೇಕೆನಿಸಿದೆ ಎಂದು ಹೇಳಿ ಬಂದೆನಲ್ಲ, ಅದು ಅರ್ಧ ಸುಳ್ಳು. ಪಲ್ಲವಿ ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಾಳೆ, ಬಂದು ಮಲಗುತ್ತಾಳೆ, ನಾನು ಸ್ಟೇಷನ್ನಿನ ಕಡೆಯ ಕಿಟಕಿಯಲ್ಲಿ ಕೂತು ರೈಲು ನೋಡುತ್ತೇನೆ. ಇದೇ ಪತ್ರವನ್ನು ನಾಲ್ಕು ಸಲ ಇಂಗ್ಲಿಷಿನಲ್ಲಿ ಶುರುಮಾಡಿದೆ. ಇಂಗ್ಲಿಷಿನಲ್ಲಿ ಬರೆದರೆ ನಾಚಿಕೆ ಕಡಿಮೆ ಆದೀತೆಂದು. ಐ ಬೆಗ್ ಟು ಎಂದು ಬರೆದ ಮೇಲೆ ಮುಂದೆ ಬೇಡುವುದು ಏನು ಎಂದು ತಿಳಿಯಲಿಲ್ಲ.

ನಿನ್ನ ಕಾಲೇಜಿಗೆ ಆ ಅರ್ಜಿ ಕೊಟ್ಟವನು ನಾನು. ಸಹಿಯೂ ನಾನು ಹಾಕಿದ್ದು. ನಿನ್ನ ಅಪ್ಪನಿಗೆ ನನ್ನ ಪತ್ರ ತಲುಪುವವರೆಗೆ ಏನೂ ಗೊತ್ತಿರಲಿಲ್ಲ. ನೀನು ನಮ್ಮ ಮನೆಯಲ್ಲಿ ನೆಮ್ಮದಿಯಿಂದ ಇರಲಿ ಎಂದು ಅವರು ತಾವೇ ಬರೆದದ್ದೆಂದು ಹೇಳಿದರು. ಮೂರು ತಿಂಗಳು ನೀನು ಅವರ ಮೇಲೆ ಮಾಡಿದ ಸಿಟ್ಟು ನನ್ನ ಪಾಲಿನದು. ಅವರಿಗೆ ಫೋನು ಮಾಡು. ಮೊದಲು ಅದನ್ನು ಮಾಡು, ಆಮೇಲೆ ಬೇಕಾದರೆ ಈ ಪತ್ರ ಮುಂದೆ ಓದು.

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಹುಡುಗಿಯ ತಂದೆಯೋ ಮಾವನೋ ಅರ್ಜಿ ತರುತ್ತಿದ್ದರು. ನಾನು ರಜಿಸ್ಟರು ತೆಗೆದು ಅವಳ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಷರಾ ಕಾಲಮ್ಮಿನಲ್ಲಿ 'ಸ್ವಂತ ಕೋರಿಕೆಯ ಮೇರೆಗೆ' ಎಂದು ಬರೆಯುತ್ತಿದ್ದೆ. ನನಗಿಂತ ಹಿಂದಿನವರೂ ಹಾಗೇ ಬರೆದಿದ್ದರು, ನಾನು ಅದನ್ನು ನೋಡಿ ಬರೆದೆ. ವರ್ಷಕ್ಕೆ ಎಂಟೋ ಹತ್ತೋ. ಒಂದೇ ಒಂದು ಸಲವೂ ಹುಡುಗಿ ಎಲ್ಲಿ ಎಂದು ಕೇಳಲಿಲ್ಲ. ನಿಮ್ಮ ಟಾನ್ಯಾ ಕೇಳಿದಳು. ಅದಕ್ಕೇ ಅವಳ ಮೇಲೆ ಅಷ್ಟು ಸಿಟ್ಟು ಬಂದಿತ್ತೆಂದು ಈಗ ಅನ್ನಿಸುತ್ತದೆ.

1979ರ ಜೂನಿನಲ್ಲಿ ಹಾಗೆ ಗೆರೆ ಎಳೆದದ್ದರಲ್ಲಿ ಒಂದು ಹೆಸರು ಚಿನ್ನಮ್ಮನದು. ನಿನ್ನ ಅತ್ತೆ. ಮದುವೆಯಾಗಿ ಒಂದು ತಿಂಗಳಾಗಿತ್ತು, ಬಿ.ಎ. ಎರಡನೆಯ ವರ್ಷ ಶುರುವಾಗಬೇಕಿತ್ತು. ನಮ್ಮಪ್ಪ ಅರ್ಜಿ ಕೂಡ ಬರೆಯಲಿಲ್ಲ. ಚಹಾ ಕುಡಿಯುತ್ತ, "ಇವತ್ತ ಆ ಹುಡುಗಿ ಹೆಸರ ತಗದಬಿಡಪಾ" ಎಂದರು. ತೆಗೆದೆ. ಷರಾ ಅದೇ ಬರೆದೆ. ಸಂಜೆ ಮನೆಗೆ ಬಂದಾಗ ಆಕೆ ಆ ವರ್ಷದ ಪುಸ್ತಕಗಳಿಗೆಲ್ಲ ರಟ್ಟು ಹಾಕಿ ಹೆಸರು ಬರೆದು ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದಳು. ನಾನು ಹೇಳಲಿಲ್ಲ. ಎರಡು ದಿನದ ಮೇಲೆ ಯಾರೋ ಹೇಳಿದರು. ಆಕೆ ನನ್ನನ್ನು ಏನೂ ಕೇಳಲಿಲ್ಲ, ನಲವತ್ತೆರಡು ವರ್ಷ ಕೇಳಲಿಲ್ಲ. ಕೇಳಿದ್ದರೆ ಬೈದಾದರೂ ಬಾಯಿ ಮುಚ್ಚಿಸುತ್ತಿದ್ದೆ.

ಇದನ್ನು ನಿನಗೇಕೆ ಬರೆದೆನೋ ತಿಳಿಯದು. ಕಾಗದ ಉಳಿದಿತ್ತು.

ಪಲ್ಲವಿಗೂ ಹೇಳಿದೆ. "ಅಪ್ಪಾ, ಸೀರಿಯಸ್ಲಿ?" ಎಂದವಳು ಎರಡು ದಿನ ಮಾತಾಡಿಲ್ಲ. ಸಂಜುಗೆ ನೀನೇ ಹೇಳು. ನೀನು ಬಾ ಎನ್ನುವವರೆಗೆ ನಾನು ಆ ಮನೆಗೆ ಬರುವುದಿಲ್ಲ. ಬೇಡ ಎಂದರೆ ಇಲ್ಲೇ ಸೋಫಾದ ಮೇಲೆ ಇರುತ್ತೇನೆ, ಸೋಫಾ ಚಿಕ್ಕದು, ಕಾಲು ಹೊರಗೆ ಬರುತ್ತದೆ, ಅದು ನಿನ್ನ ಚಿಂತೆಯಲ್ಲ.

ಶಿವಪುತ್ರಪ್ಪ


ಕ್ರೇಗಿಬರ್ನ್
1 ಜುಲೈ 2025

ಮಾವನವರಿಗೆ ಸಂಧ್ಯಾರಾಣಿಯ ಶರಣು.

ಸಿಟ್ಟಿನಲ್ಲಿದ್ದೇನೆ, ಆದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ.

ಆ ಅರ್ಜಿ ನಿಮ್ಮದೆಂದು ನನಗೆ ಮೊದಲ ದಿನವೇ ಗೊತ್ತು. ಕಾಲೇಜಿನಲ್ಲಿ ಅರ್ಜಿ ತೋರಿಸಿದರು. ಮೂರು ವರ್ಷದಿಂದ ಈ ಮನೆಯ ಕಿರಾಣಿ ಚೀಟಿ ನಿಮ್ಮ ಅಕ್ಷರದಲ್ಲಿ ಓದುತ್ತಿದ್ದೇನೆ, ನನಗೆ ಗುರುತು ಸಿಗುವುದಿಲ್ಲವೇ? ಮೇಲೆ ಕೌಂಟರಿನಲ್ಲಿ, "ಕೋಟು ಹಾಕಿಕೊಂಡ ಬಹಳ ಸಭ್ಯ ಹಿರಿಯರು, ನನ್ನನ್ನು ಮೇಡಂ ಅಂದರು" ಎಂದು ಟಾನ್ಯಾ ಹೇಳಿದಳು. ಅಪ್ಪ ಆಗ ಲಿವರ್‌ಪೂಲಿನಲ್ಲಿ ಸರಿಯಾಗಿ ಕಣ್ಣು ಕಾಣದೆ ಕೂತಿದ್ದರು. ನಿಮ್ಮಿಬ್ಬರ ಲೆಕ್ಕದಲ್ಲಿ ನಾನು ಎಷ್ಟು ದಡ್ಡಿ?

ಅಪ್ಪನಿಗೆ ಫೋನು ಮಾಡಿ "ಖರೇನ?" ಎಂದು ಎರಡನೆಯ ಸಲ ಕೇಳಿದ್ದು, ಇಲ್ಲ ಎನ್ನಲಿ ಎಂದು. ಖರೆ ಎಂದರು. ನಾನು ಮಾತು ಬಿಟ್ಟದ್ದು ಅರ್ಜಿಗಾಗಿ ಅಲ್ಲ, ಆ ಸುಳ್ಳಿಗಾಗಿ. ನಿಮ್ಮನ್ನೂ ಕೇಳಿದೆ, ಮತ್ತೇನಾದರೂ ಹೇಳುವುದಿದೆಯೇ ಎಂದು. ನೀವು ಉಪ್ಪು ಕೇಳಿದಿರಿ. ನೀವೊಬ್ಬರು ನನ್ನನ್ನು ಕೇಳದೆ ಕಾಲೇಜು ಬಿಡಿಸಲು ಹೋದಿರಿ, ಇನ್ನೊಬ್ಬರು ನನ್ನನ್ನು ಕೇಳದೆ ನನ್ನ ಸಂಸಾರ ಕಾಯಲು ಹೋದರು. ಗೊತ್ತಿದ್ದೂ ಮೂರು ತಿಂಗಳು ನಿಮಗೆ ದಿನಾ ಎರಡು ಸಲ ರೊಟ್ಟಿ ಬಡಿದು ಹಾಕಿದ್ದೇನೆ. ನೀರು ಇಳಿಯುತ್ತದೋ ಇಲ್ಲವೋ ಎಂದು ಅಪ್ಪ ಚಿಂತೆ ಮಾಡಿದರಂತೆ. ಇಳಿಯುತ್ತದೆ.

ನಿನ್ನೆ ಅಪ್ಪನಿಗೆ ಫೋನು ಮಾಡಿದೆ. ಬೈದೆ. ಅವರು ಅತ್ತರು, ನಾನೂ ಅತ್ತೆ, ಹಿಂದಿನಿಂದ ಅವ್ವ, "ಆ ಟ್ರಂಕಿನ ಕೀಲಿ ಮೊದಲ ಕೊಡಸ" ಎಂದು ಒದರುತ್ತಿದ್ದಳು.

ಅತ್ತೆಯ ವಿಷಯಕ್ಕೆ ನಾನು ಏನೂ ಬರೆಯುವುದಿಲ್ಲ. ಅದು ಅವರು ಬೈಯಬೇಕಾದದ್ದು. ಅವರ ಬದಲಿಗೆ ನಾನು ಕ್ಷಮಿಸಿದರೆ, ಅದೂ ಇನ್ನೊಬ್ಬರ ಸಹಿ ಹಾಕಿದಂತೆಯೇ.

ನನ್ನ ಈ ಕೋರ್ಸು ನವೆಂಬರಿಗೆ ಮುಗಿಯುತ್ತದೆ. ಆಮೇಲೆ ಅಪ್ರೆಂಟಿಸ್ ಆಗಿ ಮಂದಿಯ ಮನೆಗೆ ಹೋಗುತ್ತೇನೆ, ಪಾಯಖಾನೆಯ ಕೆಲಸಕ್ಕೂ ಹೋಗುತ್ತೇನೆ. ಕನ್ನಡ ಸಂಘದಲ್ಲಿ ಕೇಳಿದರೆ ಹಾಗೇ ಹೇಳಿ. ಹೇಳಲಾಗದಿದ್ದರೆ ಸಂಘಕ್ಕೆ ಹೋಗಬೇಡಿ. ನಿಮ್ಮ ಮನೆಯಲ್ಲಿ ಇರುವವಳು ಇಂಥವಳು, ಇದನ್ನು ತಿಳಿದುಕೊಂಡು ಮುಂದಿನ ಸಾಲಿಗೆ ಉತ್ತರ ಕೊಡಿ.

ಹನ್ನೆರಡನೆಯ ತಾರೀಖು, ಶನಿವಾರ, ಮಧ್ಯಾಹ್ನದ ಫ್ಲೈಟಿನಲ್ಲಿ ಸೀಟು ಇದೆ. ನಿಮಗೆ ಇಲ್ಲಿಗೆ ಬರುವುದಿದೆಯೇ? ಸಂಜು, "ಕೇಳೋದೇನು, ಬುಕ್ ಮಾಡ್ಬಿಡು" ಎಂದ. ನಾನು ಬುಕ್ ಮಾಡಿಲ್ಲ. ನಿಮ್ಮನ್ನು ಕೇಳುತ್ತಿದ್ದೇನೆ. ಪತ್ರ ಬೇಡ, ಒಂಬತ್ತು ದಿನ ಕಾಯಲು ನನ್ನಿಂದಾಗದು. ಫೋನು ಮಾಡಿ, ನೀವೇ ಮಾತಾಡಿ.

ಸಂಧ್ಯಾರಾಣಿ